ವೇಗ ಕುಗ್ಗುವುದು ಎಲ್ಲಿ? ಮನೆಯೊಳಗಿನ ನಿಸ್ತಂತು ಜಾಲದ ಕಥೆ

ನೀವು ದಕ್ಷಿಣ ಬೆಂಗಳೂರಿನ ಜಯನಗರದಲ್ಲೋ ಬನಶಂಕರಿಯಲ್ಲೋ ವಾಸವಾಗಿದ್ದೀರಿ ಎಂದುಕೊಳ್ಳಿ. ಮನೆಗೆ ಆಪ್ಟಿಕಲ್ ಫೈಬರ್ ಬಂದಿದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆಂದು ತಿಂಗಳು ತಿಂಗಳೂ ಹಣ ಕಟ್ಟುತ್ತೀರಿ. ಹಜಾರದ ಷೋಕೇಸಿನಲ್ಲಿ ರೂಟರ್ ಮಿನುಗುತ್ತಿದೆ. ಮಹಡಿಯ ಕೋಣೆಗೆ ಸಿಗ್ನಲ್ ಸಾಲದೆಂದು ಇನ್ನೊಂದು ಆಕ್ಸೆಸ್ ಪಾಯಿಂಟನ್ನೂ ತಂದು ಹಾಕಿದ್ದೀರಿ. ಆದರೂ ಮಹಡಿಯಲ್ಲಿ ಕುಳಿತ ಮಗಳ ಪಾಠದ ವಿಡಿಯೋ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ತಪ್ಪು ಯಾರದು?

2020ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಯ ಮೇಲೆ ನಡೆದಾಗ ಈ ಪ್ರಶ್ನೆ ಬಹಳ ಮನೆಗಳಲ್ಲಿ ಎದ್ದಿತು. ಶಿಕ್ಷಕರಾದ ನಿಮಗೂ ಇದರ ಬಿಸಿ ತಟ್ಟಿರಬಹುದು. ಸಂಪರ್ಕ ಒದಗಿಸಿದವರನ್ನು ಬೈಯುವುದು, ಇನ್ನೂ ಹೆಚ್ಚಿನ ವೇಗಕ್ಕೆ ಹಣ ಕಟ್ಟುವುದು, ಮತ್ತೊಂದು ಪೆಟ್ಟಿಗೆ ಕೊಳ್ಳುವುದು - ಇವು ನಮಗೆ ತಟ್ಟನೆ ಹೊಳೆಯುವ ಪರಿಹಾರಗಳು. ಕಾರಣ ಬೇರೆಲ್ಲೋ ಇದ್ದರೆ ಈ ಮೂರರಿಂದಲೂ ಪ್ರಯೋಜನವಿಲ್ಲ. ಕಾರಣ ತಿಳಿಯಬೇಕಾದರೆ ನಿಸ್ತಂತು ಜಾಲ ನಡೆದುಬಂದ ದಾರಿಯನ್ನು ಸ್ವಲ್ಪ ಹಿಂತಿರುಗಿ ನೋಡಬೇಕು. ಒಂದು ಕಾಲದಲ್ಲಿ ಅಡಚಣೆ ಇದ್ದದ್ದು ಬೀದಿಯಲ್ಲಿ. ಅದು ಮನೆಯೊಳಕ್ಕೆ ಬಂದದ್ದು ಆಮೇಲೆ.

ಬೀದಿಯಲ್ಲಿದ್ದ ಅಡಚಣೆ

1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 'ಅರ್ನೆಟ್' ಎಂಬ ಶೈಕ್ಷಣಿಕ ಜಾಲವನ್ನು ಆರಂಭಿಸಿತು. ಅದರಲ್ಲಿ ಮೊದಲಿಗೆ ಪಾಲುಗೊಂಡ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಿಂದ, ವಿಎಸ್‌ಎನ್‌ಎಲ್ ಮೂಲಕ. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ, ಅದು ಕಿರುಗುಟ್ಟಿ ಸುಮ್ಮನಾಗುವವರೆಗೆ ಕಾಯಬೇಕಿತ್ತು. ಸೆಕೆಂಡಿಗೆ 9.6 ಕಿಲೋಬಿಟ್ ವೇಗದ ಖಾತೆಗಳೂ ಆಗ ಇದ್ದವು. ಒಂದು ಮೆಗಾಬೈಟ್ ಎಂದರೆ ಸುಮಾರು 80 ಲಕ್ಷ ಬಿಟ್‌ಗಳು. ಆ ವೇಗದಲ್ಲಿ ಇಷ್ಟು ಗಾತ್ರದ ಒಂದು ಚಿತ್ರ ಬರಲು ಸುಮಾರು 14 ನಿಮಿಷ ಬೇಕು.

2004ರ ಅಕ್ಟೋಬರ್‌ನಲ್ಲಿ ಹೊರಬಂದ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು ಹೇಳಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ 'ಡೇಟಾಒನ್' ಸೇವೆಯನ್ನು ಆರಂಭಿಸಿತು. ಅದೇ ತಿಂಗಳ 28ರಂದು ಇನ್ನೊಂದು ಘಟನೆ ನಡೆಯಿತು. 2.4ರಿಂದ 2.4835 ಗಿಗಾಹರ್ಟ್ಸ್‌ವರೆಗಿನ ಆವೃತ್ತಿ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳನ್ನು ಪರವಾನಗಿ ಇಲ್ಲದೆ ಬಳಸಬಹುದೆಂಬ ನಿಯಮ ಪ್ರಕಟವಾಯಿತು. ನಮ್ಮ ಮನೆಗಳ ವೈ-ಫೈಗೆ ದಾರಿ ಸಲೀಸಾದದ್ದು ಈ ನಿಯಮದಿಂದ.

ಈಗ ಒಂದು ಲೆಕ್ಕ ಮಾಡಿ. ಆಗಿನ ವೈ-ಫೈ ಉಪಕರಣದ ಮೇಲೆ ಬರೆದಿದ್ದ ವೇಗ ಸೆಕೆಂಡಿಗೆ 11 ಮೆಗಾಬಿಟ್. ನಿಜವಾಗಿ ದಕ್ಕುತ್ತಿದ್ದುದು 5-6 ಮೆಗಾಬಿಟ್. ಅಷ್ಟಾದರೂ ಅದು ಹೊರಗಿನಿಂದ ಬರುತ್ತಿದ್ದ 256 ಕಿಲೋಬಿಟ್‌ನ ಸುಮಾರು 20ರಷ್ಟು. ಗಾಳಿಯಲ್ಲಿ ಎಷ್ಟೇ ಪೋಲಾದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2013ರಲ್ಲಿ 512 ಕಿಲೋಬಿಟ್‌ಗೂ 2023ರಲ್ಲಿ 2 ಮೆಗಾಬಿಟ್‌ಗೂ ಏರಿತು. ಫೈಬರ್ ಬಂದ ಮನೆಗಳಲ್ಲಂತೂ ವೇಗ ಇದಕ್ಕೆ ಹತ್ತಾರು ಪಟ್ಟು ಹೆಚ್ಚಾಯಿತು. ಬೀದಿಯ ಕೊಳವೆ ಅಗಲವಾಯಿತು. ಆಗ ಮನೆಯೊಳಗಿನ ಕೊಳವೆಯೇ ಕಿರಿದೆನಿಸತೊಡಗಿತು.

ಯಾರಿಗೂ ಸೇರದ ಅಲೆಗಳು

ಜಯನಗರಕ್ಕೆ ಅಶೋಕ ಸ್ತಂಭದ ಬಳಿ ಶಂಕುಸ್ಥಾಪನೆ ಆದದ್ದು 1948ರಲ್ಲಿ, ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ. ಅದಕ್ಕೆ ಒಂದು ವರ್ಷ ಮೊದಲು, 1947ರಲ್ಲಿ, ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನ ನಡೆದಿತ್ತು. ಕೈಗಾರಿಕೆ, ವಿಜ್ಞಾನ ಹಾಗೂ ವೈದ್ಯಕೀಯ ಉಪಕರಣಗಳಿಗಾಗಿ ಕೆಲವು ಆವೃತ್ತಿ ಪಟ್ಟಿಗಳನ್ನು ಅಲ್ಲಿ ಬಿಟ್ಟುಕೊಡಲಾಯಿತು. 2.45 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿ ಅವುಗಳಲ್ಲೊಂದು. ಮೈಕ್ರೋವೇವ್ ಒಲೆ ಇಂದಿಗೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಸಂಪರ್ಕದ ದೃಷ್ಟಿಯಿಂದ ಅದು ಗದ್ದಲದ ಪಾಳುಭೂಮಿ. ಹಣ ತೆತ್ತು ಕೊಳ್ಳುವವರು ಯಾರೂ ಇರಲಿಲ್ಲ.

1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಈ ಪಾಳುಭೂಮಿಯನ್ನು ಪರವಾನಗಿ ಇಲ್ಲದ ಸಂಪರ್ಕಕ್ಕೆ ತೆರೆಯಿತು. 1990ರಲ್ಲಿ '802.11' ಎಂಬ ಹೆಸರಿನ ತಂಡ ಎಲ್ಲರೂ ಒಪ್ಪಬಹುದಾದ ನಿಯಮಾವಳಿಯನ್ನು ರೂಪಿಸಲು ಕುಳಿತಿತು. ಡಚ್ ಎಂಜಿನಿಯರ್ ವಿಕ್ ಹೇಯ್ಸ್ ಅದರ ಅಧ್ಯಕ್ಷರು. 1997ರಲ್ಲಿ ಮೊದಲ ನಿಯಮಾವಳಿ ಹೊರಬಂತು. ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್. 1999ರಲ್ಲಿ 11, 2003ರಲ್ಲಿ ಇದೇ ಪಟ್ಟಿಯಲ್ಲಿ 54, 2009ರಲ್ಲಿ ಗರಿಷ್ಠ 600 ಮೆಗಾಬಿಟ್ - ಹೀಗೆ ವೇಗ ಏರುತ್ತ ಹೋಯಿತು.

ನಮ್ಮ 2005ರ ನಿಯಮದಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಪ್ರಸಾರ ಶಕ್ತಿ 1 ವಾಟ್ ಮೀರಬಾರದು. ಆಂಟೆನಾ ಒಂದೇ ದಿಕ್ಕಿಗೆ ಒಟ್ಟುಗೂಡಿಸುವುದನ್ನೂ ಸೇರಿಸಿಕೊಂಡರೆ ಪರಿಣಾಮ 4 ವಾಟ್ ಮೀರಬಾರದು. ಇತರರಿಗೆ ತೊಂದರೆ ಕೊಡಬಾರದು. ಇತರರಿಂದ ತೊಂದರೆಯಾದರೆ ರಕ್ಷಣೆ ಕೇಳುವಂತಿಲ್ಲ. ಎಲ್ಲರೂ ಹಂಚಿಕೊಂಡು ಬಳಸಬೇಕು. ಅಂದರೆ ಇದು ಊರಿನ ಗೋಮಾಳ ಇದ್ದಂತೆ. ನಿಮ್ಮ ಮನೆಯ ಫೈಬರ್ ನಿಮ್ಮದು. ಮನೆಯೊಳಗಿನ ಗಾಳಿ ಮಾತ್ರ ಬೀದಿಯವರೆಲ್ಲರದು.

ಹವಾಯಿ ದ್ವೀಪಗಳ ಪಾಠ

ಹಂಚಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ಹವಾಯಿ ವಿಶ್ವವಿದ್ಯಾಲಯದಿಂದ. ಬೇರೆ ಬೇರೆ ದ್ವೀಪಗಳಲ್ಲಿದ್ದವರು ಒಂದೇ ಗಣಕವನ್ನು ರೇಡಿಯೋ ಮೂಲಕ ಬಳಸಬೇಕಿತ್ತು. ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಕಟ್ಟಿದ 'ಅಲೋಹಾನೆಟ್' 1971ರಲ್ಲಿ ಕೆಲಸ ಆರಂಭಿಸಿತು. ಅದರ ವೇಗ ಸೆಕೆಂಡಿಗೆ 9600 ಬಿಟ್.

ಅದರ ಉಪಾಯ ಬಹಳ ಸರಳ. ಮಾಹಿತಿಯನ್ನು ಸಣ್ಣ ಪೊಟ್ಟಣಗಳಾಗಿ ಮಾಡಿ, ಬೇಕೆನಿಸಿದಾಗ ಕಳಿಸಿಬಿಡುವುದು. ಇಬ್ಬರು ಒಟ್ಟಿಗೆ ಕಳಿಸಿದರೆ ಎರಡೂ ಕೆಡುತ್ತವೆ. ಆಗ ಇಬ್ಬರೂ ತಮಗೆ ತೋಚಿದಷ್ಟು ಹೊತ್ತು ಕಾದು ಮತ್ತೆ ಕಳಿಸುವುದು. ಈ ಪದ್ಧತಿಯಲ್ಲಿ ಹೆಚ್ಚೆಂದರೆ ಎಷ್ಟು ಸಮಯ ಸಾರ್ಥಕವಾಗುತ್ತದೆ ಎಂದು ಅಬ್ರಾಮ್ಸನ್ ಲೆಕ್ಕ ಹಾಕಿದರು. ಸ್ವಾಭಾವಿಕ ಲಾಗರಿದಮ್‌ನ ಆಧಾರ ಸಂಖ್ಯೆ 2.718. ಅದನ್ನು ಇಮ್ಮಡಿಸಿ, 1ನ್ನು ಅದರಿಂದ ಭಾಗಿಸಿ: 0.184. ಅಂದರೆ ನೂರರಲ್ಲಿ 18 ಪಾಲು ಮಾತ್ರ ಉಪಯುಕ್ತ. ಉಳಿದದ್ದು ಡಿಕ್ಕಿ ಹಾಗೂ ಮೌನ.

ವೈ-ಫೈ ಇದಕ್ಕಿಂತ ಶಿಸ್ತಿನದು. ಅದು ಮೊದಲು ಕಿವಿಗೊಡುತ್ತದೆ. ಯಾರೂ ಮಾತಾಡುತ್ತಿಲ್ಲ ಎಂದು ಖಾತರಿಯಾದ ಮೇಲೆ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಆರಿಸಿ, ಅಷ್ಟು ಎಣಿಸಿ, ಆಮೇಲೆ ಕಳಿಸುತ್ತದೆ. ಕಳಿಸಿದ ಮೇಲೆ 'ತಲುಪಿತು' ಎಂಬ ಮರುಮಾತಿಗೆ ಕಾಯುತ್ತದೆ. ಮರುಮಾತು ಬಾರದಿದ್ದರೆ ಎಣಿಕೆಯ ವ್ಯಾಪ್ತಿಯನ್ನು ಸುಮಾರು ಇಮ್ಮಡಿಸಿ ಮತ್ತೆ ಪ್ರಯತ್ನಿಸುತ್ತದೆ. ಈ ಕಾಯುವಿಕೆ, ಎಣಿಕೆ, ಮರುಮಾತುಗಳಿಗೆಲ್ಲ ಸಮಯ ಬೇಕು. ಪೆಟ್ಟಿಗೆಯ ಮೇಲೆ ಬರೆದ ವೇಗ ಕೈಗೆ ಪೂರ್ತಿ ಸಿಗದಿರುವುದಕ್ಕೆ ಇದೇ ಮೊದಲ ಕಾರಣ.

ಬೀದಿ ನಲ್ಲಿಯ ಸಾಲು

ಎರಡನೆಯ ಕಾರಣ ಇನ್ನೂ ಸ್ವಾರಸ್ಯಕರ. ಬೀದಿ ನಲ್ಲಿಯ ಮುಂದೆ ಸಾಲು ನಿಂತಿದೆ ಎಂದುಕೊಳ್ಳಿ. ಸರದಿ ಬಂದಾಗ ಒಬ್ಬರಿಗೆ ಒಂದೇ ಕೊಡ. ಇದು ನ್ಯಾಯವೆಂದೇ ತೋರುತ್ತದೆ. ಆದರೆ ಒಬ್ಬರ ಕೊಡದ ಬಾಯಿ ತೀರ ಕಿರಿದು. ತುಂಬಲು ಉಳಿದವರ ಹತ್ತರಷ್ಟು ಹೊತ್ತು. ಆಗ ಸಾಲಿನಲ್ಲಿರುವ ಎಲ್ಲರಿಗೂ ಅವರ ಗತಿಯೇ ಗತಿ.

ವೈ-ಫೈಯಲ್ಲೂ ಹೀಗೆಯೇ. ಗೋಡೆಗಳಾಚೆ ದೂರದಲ್ಲಿರುವ ಉಪಕರಣಕ್ಕೆ ಸಿಗ್ನಲ್ ಕ್ಷೀಣವಾಗಿರುತ್ತದೆ. ತಪ್ಪಿಲ್ಲದೆ ಕೇಳಿಸಲೆಂದು ಅದು ನಿಧಾನವಾಗಿ ಮಾತಾಡುತ್ತದೆ - 11ರಿಂದ 5.5ಕ್ಕೆ, 2ಕ್ಕೆ, ಕೊನೆಗೆ 1 ಮೆಗಾಬಿಟ್‌ಗೆ ಇಳಿಯುತ್ತದೆ. ಒಂದು ಪೊಟ್ಟಣದಲ್ಲಿ 1500 ಬೈಟ್, ಅಂದರೆ 12,000 ಬಿಟ್ ಇದೆ ಎನ್ನಿ. ಹತ್ತಿರದ ಉಪಕರಣ 11 ಮೆಗಾಬಿಟ್ ವೇಗದಲ್ಲಿ ಅದನ್ನು ಸುಮಾರು 1.1 ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ದೂರದ್ದಕ್ಕೆ 12 ಮಿಲಿಸೆಕೆಂಡ್ ಬೇಕು. ಒಂದಾದ ಮೇಲೊಂದು ಸರದಿ ಎಂದಾಗ, 13.1 ಮಿಲಿಸೆಕೆಂಡಿಗೆ ಇಬ್ಬರಿಗೂ ಒಂದೊಂದು ಪೊಟ್ಟಣ. ಭಾಗಿಸಿ ನೋಡಿ: ಇಬ್ಬರಿಗೂ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 0.92 ಮೆಗಾಬಿಟ್. ರೂಟರ್ ಪಕ್ಕದಲ್ಲೇ ಕುಳಿತವರ ವೇಗವೂ 1 ಮೆಗಾಬಿಟ್‌ಗಿಂತ ಕೆಳಗಿಳಿಯಿತು! ಫ್ರಾನ್ಸಿನ ಗ್ರೆನೋಬಲ್‌ನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು 2003ರಲ್ಲಿ ಈ ವಿಚಿತ್ರವನ್ನು ಲೆಕ್ಕ ಹಾಗೂ ಪ್ರಯೋಗಗಳಿಂದ ತೋರಿಸಿದರು.

ಸರದಿಗೊಂದು ಕೊಡ ಎನ್ನುವ ಬದಲು ಸರದಿಗಿಷ್ಟು ಹೊತ್ತು ಎಂದು ನಿಯಮ ಬದಲಿಸಿದರೆ? ಅರ್ಧ ಸಮಯ ಒಬ್ಬರಿಗೆ, ಅರ್ಧ ಇನ್ನೊಬ್ಬರಿಗೆ. ಆಗ ಹತ್ತಿರದವರಿಗೆ 5.5, ದೂರದವರಿಗೆ 0.5 ಮೆಗಾಬಿಟ್. ದೂರದವರು ಕಳೆದುಕೊಂಡದ್ದು 0.42, ಹತ್ತಿರದವರು ಗಳಿಸಿದ್ದು 4.58. ಎರಡು ನಿಯಮಗಳಲ್ಲಿ ನ್ಯಾಯ ಯಾವುದು? ತರಗತಿಯಲ್ಲಿ ಚರ್ಚಿಸಲು ಇದು ಒಳ್ಳೆಯ ಪ್ರಶ್ನೆ.

ಬೆಂಗಳೂರಿನ ಕೊಡುಗೆ

ಈ ಸಮಸ್ಯೆಯ ಗಣಿತ ಬೆಂಗಳೂರಿನಲ್ಲೂ ಬೆಳೆಯಿತು. ಒಂದು ಉಪಕರಣ ಎಷ್ಟು ಬಾರಿ ಪ್ರಯತ್ನಿಸುತ್ತದೆ ಎಂಬುದು ಡಿಕ್ಕಿಯ ಸಂಭವವನ್ನು ಅವಲಂಬಿಸಿದೆ. ಡಿಕ್ಕಿಯ ಸಂಭವವೋ ಉಳಿದವರು ಎಷ್ಟು ಬಾರಿ ಪ್ರಯತ್ನಿಸುತ್ತಾರೆ ಎಂಬುದನ್ನು ಅವಲಂಬಿಸಿದೆ. ಎರಡೂ ಒಂದಕ್ಕೊಂದು ಒಪ್ಪುವ ಬೆಲೆಯನ್ನು 'ಸ್ಥಿರ ಬಿಂದು' ಎನ್ನುತ್ತಾರೆ. ಇದರ ಪರಿಚಯ ನಿಮಗೆ ಬೇಕಿದ್ದರೆ ಕ್ಯಾಲ್ಕ್ಯುಲೇಟರನ್ನು ರೇಡಿಯನ್ ಕ್ರಮಕ್ಕೆ ಬದಲಿಸಿ, ಯಾವುದಾದರೂ ಸಂಖ್ಯೆ ಕೊಟ್ಟು ಕೊಸೈನ್ ಗುಂಡಿಯನ್ನು ಒತ್ತುತ್ತಲೇ ಹೋಗಿ. ಉತ್ತರ 0.739ಕ್ಕೆ ಬಂದು ನಿಲ್ಲುತ್ತದೆ. ಅದು ಕೊಸೈನ್‌ನ ಸ್ಥಿರ ಬಿಂದು.

ಇಟಲಿಯ ಜುಸೆಪ್ಪೆ ಬಿಯಾಂಕಿ 2000ದಲ್ಲಿ ವೈ-ಫೈಗೆ ಇಂಥ ಒಂದು ಮಾದರಿ ಕೊಟ್ಟಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್ ಯುರೋಪಿನ ಸಹೋದ್ಯೋಗಿಗಳೊಡನೆ 2005ರಲ್ಲಿ ಅದನ್ನು ಸರಳಗೊಳಿಸಿ, ಸಾರ್ವತ್ರಿಕವಾಗಿಸಿ, ಸ್ಥಿರ ಬಿಂದು ಯಾವಾಗ ಒಂದೇ ಒಂದು ಇರುತ್ತದೆ ಎಂಬುದನ್ನು ವಿಶ್ಲೇಷಿಸಿದರು. ಅವರು ಮುಂದೆ 2014ರಿಂದ 2020ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದರು. ಮಾಲತಿ ಹೆಗಡೆ, ಅನುರಾಗ್ ಕುಮಾರ್, ಜಾಯ್ ಕುರಿ ಮೊದಲಾದವರು ಲೆಕ್ಕದಿಂದ ಯಂತ್ರಕ್ಕೂ ಇಳಿದರು. ಆಕ್ಸೆಸ್ ಪಾಯಿಂಟುಗಳನ್ನಾಗಲಿ ಬಳಕೆದಾರರ ಉಪಕರಣಗಳನ್ನಾಗಲಿ ಬದಲಿಸದೆ, ಹೊರಗಿನ ಜಾಲಕ್ಕೂ ಆಕ್ಸೆಸ್ ಪಾಯಿಂಟುಗಳಿಗೂ ನಡುವೆ ಒಂದು ನಿಯಂತ್ರಕವನ್ನು ಇಡುವುದು ಅವರ ಉಪಾಯ. ಸಾಲು ಗಾಳಿಯ ಬಾಗಿಲಲ್ಲಿ ಬೆಳೆಯುವ ಬದಲು ನಿಯಂತ್ರಕದಲ್ಲಿ ನಿಲ್ಲುತ್ತದೆ. ಯಾರ ಪೊಟ್ಟಣ ಯಾವಾಗ ಹೊರಡಬೇಕೆಂಬ ತೀರ್ಮಾನ ಅಲ್ಲೇ ಆಗುತ್ತದೆ. ಈ ಅನುಭವದ ಪ್ರಬಂಧ 2013ರಲ್ಲಿ ಪ್ರಕಟವಾಯಿತು. ಸಮಯವನ್ನು ಸಮನಾಗಿ ಹಂಚುವ ಉಪಾಯ ಈಗ ಹಲವು ಮನೆ ರೂಟರ್‌ಗಳಲ್ಲೂ ಇದೆ.

ಐವತ್ತು ಮನೆ, ಮೂರು ಚಾನೆಲ್

ಈಗ ನಿಮ್ಮ ಬೀದಿಗೆ ಬನ್ನಿ. 30 ಅಡಿ ಅಗಲ 40 ಅಡಿ ಉದ್ದದ ನಿವೇಶನದ ವಿಸ್ತೀರ್ಣ ಸುಮಾರು 111 ಚದರ ಮೀಟರ್. ನಿಮ್ಮ ರೂಟರ್‌ನ ದನಿ 30 ಮೀಟರ್‌ವರೆಗೆ ಕೇಳಿಸುತ್ತದೆ ಎನ್ನೋಣ. ಆ ವೃತ್ತದ ವಿಸ್ತೀರ್ಣ ಸುಮಾರು 2,830 ಚದರ ಮೀಟರ್. ಮೂರನೇ ಒಂದು ಪಾಲನ್ನು ರಸ್ತೆಗೆ ಬಿಟ್ಟರೂ 17 ನಿವೇಶನಗಳು ಉಳಿಯುತ್ತವೆ. ಪ್ರತಿಯೊಂದರಲ್ಲೂ ಮೂರು ಅಂತಸ್ತು, ಅಂತಸ್ತಿಗೊಂದು ಸಂಸಾರ ಎಂದರೆ ಹೆಚ್ಚುಕಡಿಮೆ 50 ರೂಟರ್‌ಗಳು.

2.4 ಗಿಗಾಹರ್ಟ್ಸ್ ಪಟ್ಟಿಯ ಒಟ್ಟು ಅಗಲ 83.5 ಮೆಗಾಹರ್ಟ್ಸ್. ಅದರಲ್ಲಿ 13 ಚಾನೆಲ್‌ಗಳನ್ನು ಗುರುತಿಸಿದ್ದಾರೆ. ಆದರೆ ಅವುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಪ್ರತಿಯೊಂದರ ಅಗಲವೋ ಸುಮಾರು 20. ಹಾಗಾಗಿ ಒಂದರ ಮೇಲೊಂದು ಬೀಳದೆ ಇರಬಲ್ಲವು ಮೂರೇ: 1, 6 ಮತ್ತು 11. ಇಲ್ಲೊಂದು ತಪ್ಪು ಕಲ್ಪನೆ ಸಾಮಾನ್ಯ. ನೆರೆಯವರು 1ರಲ್ಲಿದ್ದಾರೆ, ನಾವು 3ಕ್ಕೆ ಹೋದರೆ ಒಳ್ಳೆಯದೆಂದು ತೋರುತ್ತದೆ. ಅದು ಸರಿಯಲ್ಲ. ಒಂದೇ ಚಾನೆಲ್‌ನಲ್ಲಿದ್ದರೆ ಇಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಂಡು ಸರದಿ ಪಾಲಿಸುತ್ತಾರೆ. ಅರೆಬರೆ ಮೇಲೆಬಿದ್ದರೆ ಅವರ ಮಾತು ನಮಗೆ ಮಾತಾಗಿ ಕೇಳುವುದಿಲ್ಲ, ಬರೀ ಗದ್ದಲವಾಗುತ್ತದೆ.

5 ಗಿಗಾಹರ್ಟ್ಸ್ ಪಟ್ಟಿ ಇದಕ್ಕಿಂತ ವಿಶಾಲ. ಮೊದಲು ಅದರ ಒಂದಷ್ಟು ಭಾಗ ಒಳಾಂಗಣ ಬಳಕೆಗೆ ಸೀಮಿತವಾಗಿತ್ತು. 2018ರ ಅಕ್ಟೋಬರ್‌ನ ನಿಯಮದಿಂದ ಒಟ್ಟು 605 ಮೆಗಾಹರ್ಟ್ಸ್ ಮುಕ್ತವಾಯಿತು; 2.4ರ ಏಳರಷ್ಟು ಅಗಲ. ಆದರೆ ಇದರ ಅಲೆಯುದ್ದ 5-6 ಸೆಂಟಿಮೀಟರ್, 2.4ರದ್ದು 12. ಅಲೆ ಚಿಕ್ಕದಾದಷ್ಟೂ ಗೋಡೆ ದಾಟುವುದು ಕಷ್ಟ. ಒಂದು ಗೋಡೆ 10 ಡೆಸಿಬೆಲ್ ನುಂಗಿದರೆ ಶಕ್ತಿಯ ಹತ್ತನೇ ಒಂದು ಪಾಲು ಉಳಿಯುತ್ತದೆ. ಅಂಥ ಎರಡು ಗೋಡೆಗಳಾದರೆ ನೂರನೇ ಒಂದು ಪಾಲು. ಕಬ್ಬಿಣದ ಸರಳು ಹೆಣೆದ ತಾರಸಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ತೊಟ್ಟಿ - ಇವೆಲ್ಲ ಅಲೆಗಳಿಗೆ ಅಡ್ಡಿ. ಆದರೆ ಗೋಡೆ ದಾಟದಿರುವುದೇ ಒಂದು ಉಪಕಾರವೂ ಹೌದು: ನೆರೆಯವರ ಗದ್ದಲವೂ ನಿಮ್ಮಲ್ಲಿಗೆ ಬರುವುದಿಲ್ಲ.

ಪರೀಕ್ಷಿಸುವ ಕ್ರಮ

ಇಷ್ಟು ತಿಳಿದ ಮೇಲೆ ಕಾರಣ ಹುಡುಕುವುದು ಪ್ರಯೋಗಾಲಯದ ಕೆಲಸದಂತೆಯೇ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಫಲಿತಾಂಶ ಬರೆದಿಡಬೇಕು.

ಮೊದಲು ಏಕಮಾನ ನೋಡಿ. ಯೋಜನೆಯ ವೇಗ ಬಿಟ್‌ಗಳಲ್ಲಿ, ಕಡತ ಇಳಿಯುವ ವೇಗ ಸಾಮಾನ್ಯವಾಗಿ ಬೈಟ್‌ಗಳಲ್ಲಿ. 100 ಮೆಗಾಬಿಟ್‌ಗೆ 12 ಮೆಗಾಬೈಟ್ ತೋರಿಸಿದರೆ ಅದು ಸರಿಯಾದ ವೇಗವೇ.

ಆಮೇಲೆ ರೂಟರ್‌ಗೆ ಕೇಬಲ್‌ನಿಂದಲೇ ಕಂಪ್ಯೂಟರ್ ಜೋಡಿಸಿ ಅಳೆಯಿರಿ. ಇಲ್ಲೂ ವೇಗ ಕಡಿಮೆಯಿದ್ದರೆ ತಪ್ಪು ಹೊರಗಿನದು; ಆಗ ಧೈರ್ಯವಾಗಿ ದೂರು ಕೊಡಿ. ವೇಗ ಸರಿಯಿದ್ದರೆ ತಪ್ಪು ಮನೆಯೊಳಗೇ ಇದೆ. ಕೇಬಲ್‌ನಲ್ಲಿ ನಾಲ್ಕು ಜೊತೆ ತಂತಿಗಳಿರುತ್ತವೆ. ಸೆಕೆಂಡಿಗೆ 1000 ಮೆಗಾಬಿಟ್ ವೇಗಕ್ಕೆ ನಾಲ್ಕೂ ಬೇಕು; 100ಕ್ಕೆ ಎರಡು ಸಾಕು. 100ಕ್ಕೆ ಬೇಕಿಲ್ಲದ ಜೊತೆಗಳಲ್ಲಿ ಒಂದು ತಂತಿ ತುಂಡಾದರೆ ಸಾಮಾನ್ಯವಾಗಿ ಜಾಲ ನಿಲ್ಲುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ.

ಮೂರನೆಯದಾಗಿ, ರೂಟರ್ ಇರುವ ಕೋಣೆಯಲ್ಲಿ ವೈ-ಫೈ ವೇಗ ಅಳೆಯಿರಿ. ನಂತರ ಅದೇ ಉಪಕರಣ ಹಿಡಿದು ಒಂದೊಂದೇ ಕೋಣೆಗೆ ಹೋಗಿ ಬರೆದುಕೊಳ್ಳಿ. ಬೆಳಗಿನ ಜಾವ ಒಮ್ಮೆ, ರಾತ್ರಿ 9ಕ್ಕೆ ಒಮ್ಮೆ ಅಳೆಯಿರಿ. ಕೋಣೆಯಿಂದ ಕೋಣೆಗೆ ವ್ಯತ್ಯಾಸವಿದ್ದರೆ ಕಾರಣ ಗೋಡೆ. ಗಾಳಿಯಲ್ಲಿ ಮಾತ್ರ ಹೊತ್ತಿನಿಂದ ಹೊತ್ತಿಗೆ ವ್ಯತ್ಯಾಸವಿದ್ದು ಕೇಬಲ್‌ನಲ್ಲಿ ಇಲ್ಲದಿದ್ದರೆ ಕಾರಣ ನೆರೆಹೊರೆಯ ಸಂದಣಿ.

ನಾಲ್ಕನೆಯದು ಮಹಡಿಯ ಆ ಎರಡನೆಯ ಪೆಟ್ಟಿಗೆ. ಅದು ಕೆಳಗಿನ ರೂಟರ್‌ನಿಂದ ಗಾಳಿಯಲ್ಲೇ ಪಡೆದು ಅದೇ ಚಾನೆಲ್‌ನಲ್ಲಿ ಗಾಳಿಯಲ್ಲೇ ಕೊಡುವಂಥದ್ದಾದರೆ, ಪ್ರತಿಯೊಂದು ಪೊಟ್ಟಣವೂ ಎರಡು ಬಾರಿ ಗಾಳಿಯಲ್ಲಿ ಸಾಗಬೇಕು. ವೇಗ ಅರ್ಧಕ್ಕಿಳಿಯುವುದು ಸಹಜ. ಎರಡರ ನಡುವೆ ಕೇಬಲ್ ಎಳೆಸಿ, ಬೇರೆ ಬೇರೆ ಚಾನೆಲ್ ಕೊಡಿ. ಶಕ್ತಿಯನ್ನು ಗರಿಷ್ಠಕ್ಕೆ ಏರಿಸಬೇಡಿ. ಏರಿಸಿದರೆ ಮಹಡಿ ಹತ್ತಿದ ಫೋನು ಕೆಳಗಿನ ರೂಟರ್‌ನ ಕ್ಷೀಣ ಸಿಗ್ನಲ್‌ಗೇ ಅಂಟಿಕೊಂಡಿರುತ್ತದೆ. ಕಿರಿದು ಬಾಯಿಯ ಕೊಡ ಹಿಡಿದವರಂತೆ ಮನೆಯವರೆಲ್ಲರನ್ನೂ ಕಾಯಿಸುತ್ತದೆ. ಅಲ್ಲದೆ ರೂಟರ್ ಎಷ್ಟು ಜೋರಾಗಿ ಕೂಗಿದರೂ ಫೋನಿನ ಸಣ್ಣ ದನಿ ಅದಕ್ಕೆ ಕೇಳಿಸಬೇಕಲ್ಲ!

ಕೊನೆಯದಾಗಿ, ರೂಟರನ್ನು ಷೋಕೇಸಿನಿಂದ ಹೊರತೆಗೆದು ಮನೆಯ ನಡುವೆ, ತಲೆಯ ಎತ್ತರದಲ್ಲಿ ಇಡಿ. ಟಿವಿ, ಮೇಜಿನ ಕಂಪ್ಯೂಟರ್‌ಗಳಂಥ ಕದಲದ ವಸ್ತುಗಳಿಗೆ ಕೇಬಲ್ ಹಾಕಿ. ಇವು ಸಾಲಿನಿಂದ ಹೊರಬಂದರೆ ಉಳಿದವುಗಳ ಸರದಿ ಬೇಗ ಬರುತ್ತದೆ.

ಇದರಿಂದ ಲಾಭ ನಿಮಗೊಬ್ಬರಿಗೇ ಅಲ್ಲ. ನೀವು ತಗ್ಗಿಸಿದ ಪ್ರತಿ ಮಿಲಿಸೆಕೆಂಡೂ ಗೋಡೆಯಾಚೆಯ ಮನೆಗೆ ಸಲ್ಲುತ್ತದೆ. ಅಲ್ಲೂ ಒಂದು ಮಗು ಪಾಠ ಕೇಳುತ್ತಿರಬಹುದು. ನಿಮ್ಮ ವಿದ್ಯಾರ್ಥಿಗಳಿಗೆ ಈ ಅಳತೆಯ ಪಟ್ಟಿಯನ್ನು ಮನೆಗೆಲಸವಾಗಿ ಕೊಡಿ. ಒಂದೇ ಬೀದಿಯ ನಾಲ್ಕು ಮಕ್ಕಳು ತಮ್ಮ ತಮ್ಮ ಚಾನೆಲ್ ಸಂಖ್ಯೆಗಳನ್ನು ಹೋಲಿಸಿ, 1, 6, 11ರಲ್ಲಿ ಹಂಚಿಕೊಂಡು, ಮತ್ತೆ ಅಳೆದು ನೋಡಲಿ. ಗೋಮಾಳವನ್ನು ಹಂಚಿಕೊಳ್ಳುವ ಪಾಠ ಅದರಲ್ಲೇ ಇದೆ.